ಅಂತರಾಯ

ಕಾಗವಾಡ
೨೮ ಜುಲೈ ೨೦೧೩

ಸೀಮಾ,

ನನ್ನ ಫೋನು ಹತ್ತುತ್ತಿಲ್ಲವೆಂದು ನೀನು ಗಾಬರಿಯಾಗಿ ಬಾಹುಬಲಿ ಕಾಕಾನನ್ನು ಬೈದೆಯಂತೆ. ಅವನದೇನೂ ತಪ್ಪಿಲ್ಲ. ನಾನು ಆರಾಮವಾಗಿದ್ದೇನೆ. ಚಾತುರ್ಮಾಸ ಶುರುವಾದ ದಿನ ಗುರುಗಳ ಮುಂದೆ ಫೋನು ಬಿಟ್ಟೆ. ಇನ್ನು ನೀನು ಮತ್ತು ನಾನು ಹೀಗೆ, ಕಾಗದದಲ್ಲಿ. ಫೋನಿನಲ್ಲಿ ನಾವು ಮಾತಾಡುತ್ತಿದ್ದದ್ದಾದರೂ ಏನು? ಊಟ ಆಯಿತೇ, ಆಯಿತು. ಮಳೆ ಬಂತೇ, ಇಲ್ಲ. ಇಡಲೇ, ಇಡು.

ಮುನಿಸಂಘದ ಸೇವೆ ಮಾಡಿಕೊಂಡು ನಾಲ್ಕು ತಿಂಗಳು ಬಸದಿಯಲ್ಲಿದ್ದು ಬರುತ್ತೇನೆ ಎಂದು ನಿನಗೆ ಹೇಳಿದ್ದೆ. ಅಷ್ಟೇ ಅಲ್ಲ. ಮಾಘದಲ್ಲಿ ನನಗೆ ಆರ್ಯಿಕಾ ದೀಕ್ಷೆ ಕೊಡಬೇಕೆಂದು ಕೇಳಿಕೊಂಡಿದ್ದೇನೆ. ದೀಕ್ಷೆಯ ನಂತರ ಒಂದು ಬಿಳಿ ಸೀರೆ, ನವಿಲುಗರಿಯ ಪಿಂಛಿ, ನೀರಿಗೊಂದು ಕಮಂಡಲು. ಇಷ್ಟರ ಹೊರತು ಯಾವುದೂ ನನ್ನದಲ್ಲ. ಮನೆ ಅಲ್ಲ, ತೋಟ ಅಲ್ಲ, ತ್ರಿಶಲಾ ಎಂಬ ಹೆಸರೂ ಅಲ್ಲ. ಉಳಿದದ್ದನ್ನು ಬರೆಯಲು ಕೈ ಬರುತ್ತಿಲ್ಲ. ನೀನೇ ತಿಳಿದುಕೋ.

ಗುರುಗಳು ಕೂಡಲೇ ಹೂಂ ಅನ್ನಲಿಲ್ಲ. "ಮನ್ಯಾವ್ರ ಎಲ್ಲಾರೂ ಒಪ್ಪಬೇಕವ್ವಾ. ಒಬ್ರ ಬ್ಯಾಡ ಅಂದ್ರೂ ಇಲ್ಲ" ಎಂದರು. ಕಾಕಾ ಒಪ್ಪಿದ. ಆಯಿ ಮೊದಲು ಬೈದಳು, ಆಮೇಲೆ ಅತ್ತಳು, ಕಡೆಗೆ, "ಮಗ ಹೇಳದ ಹ್ವಾದ. ನೀ ಸೊಸಿ, ನೀನರ ಹೇಳಿ ಹೊಂಟಿ. ಹೋಗು" ಎಂದಳು.

ನೀನೊಬ್ಬಳು ಉಳಿದಿದ್ದೀಯ. ಅವಸರವಿಲ್ಲ. ಆದರೆ ಕೇಳದೆ ಇರಲಾರೆ. ಒಪ್ಪಿಗೆ ಕೊಡುತ್ತೀಯಾ?

ಕಾಲೇಜು ಶುರುವಾಗಿ ತಿಂಗಳಾಗುತ್ತ ಬಂತು. ಈ ವರ್ಷ ಏನು ಕಲಿಸುತ್ತಿದ್ದಾರೆ, ಬರೆ. ನನಗೆ ಅರ್ಥವಾಗದಿದ್ದರೂ ಬರೆ.

ನಿನ್ನ
ಅವ್ವ

---

ಪುಣೆ
೯ ಆಗಸ್ಟ್ ೨೦೧೩

ಅವ್ವಾ,

ಒಪ್ಪಿಗೆ ಇಲ್ಲ.

ಇಷ್ಟೇ ಬರೆದು ಹಾಕುವವಳಿದ್ದೆ. ರೂಮಿನ ಪ್ರಾಜಕ್ತಾ ಬಿಡಲಿಲ್ಲ. ನಿಪ್ಪಾಣಿ ಕಡೆಯ ಅಕ್ಕೋಳದ ಹುಡುಗಿ, ನಿನಗೆ ಗೊತ್ತಲ್ಲ. "ಅಗ ಬಾಯಿ, ಒಂದ ಸಾಲಿಗೆ ಲಕೋಟಿ ಯಾಕ ದಂಡ ಮಾಡ್ತಿ? ಬೈಯೂದರ ಪೂರಾ ಬೈದ ಹಾಕು" ಎಂದಳು.

ಹಾಗಾದರೆ ಕೇಳು. ನಾನಿನ್ನೂ ಮನೆಗೆ ಬರುವವಳಿದ್ದೇನೆ. ರಜೆಗೆ ಬಂದಾಗ ಅಥಣಿಯ ಸ್ಟ್ಯಾಂಡಿನಲ್ಲಿ ಇಳಿದು ಯಾರ ಮನೆಗೆ ಹೋಗಲಿ? ಕಾಕಾನ ಮನೆಗೋ, ಆಯಿಯ ಮನೆಗೋ? ಅವ್ವನ ಮನೆ ಎಂದು ಒಂದಿರಬೇಕಲ್ಲ! ನಿನ್ನ ಕಾಲೇಜಿನ ಹುಡುಗರಿಗೆ ಇಪ್ಪತ್ತು ವರ್ಷ ಹಳಗನ್ನಡ ಕಲಿಸಿದೆ. ಬಿಟ್ಟು ಹೋಗುವವರ ಪದ್ಯ ಓದುವಾಗೆಲ್ಲ ನಿನ್ನ ದನಿ ಬೇರೆಯಾಗುತ್ತಿತ್ತು. ನಾನು ಅಡಿಗೆಮನೆಯಲ್ಲಿ ಕೂತು ಕೇಳುತ್ತಿದ್ದೆ. ಅದು ಪದ್ಯದ ಮೇಲಿನ ಪ್ರೀತಿ ಎಂದುಕೊಂಡಿದ್ದೆ.

ಈ ವರ್ಷ ಏನು ಕಲಿಸುತ್ತಾರೆ ಎಂದು ಕೇಳಿದ್ದೀಯ. ಗೇಮಿನಲ್ಲಿ ಬರುವ ಒಬ್ಬ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ನಾವೇ ಮಾಡಿ ತೋರಿಸಬೇಕು. ಉಳಿದವರೆಲ್ಲ ಕತ್ತಿ ಹಿಡಿದ ಯೋಧರನ್ನು ಮಾಡುತ್ತಿದ್ದಾರೆ. ನಾನು ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ ಮಾಡುವ ಹೆಂಗಸನ್ನು ಮಾಡುತ್ತಿದ್ದೇನೆ. ಕಾಕಾ ಊರಲ್ಲಿ ನಾನು ಬರೀ "ಕಂಪ್ಯೂಟರ್" ಓದುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಾನೆ. ಆಯಿಯೇ ವಾಸಿ. ಕಳೆದ ಸಲ ಬಂದಾಗ ಬಾಗಿಲಲ್ಲೇ, "ಗೇಮ ಆಡಾಕ ಕಾಲೇಜ ಯಾಕ ಬೇಕ ಬೇ? ನಿಮ್ಮ ಕಾಕಾ ಹುಟ್ಟಿದಾಗಿಂದ ಇಸ್ಪೀಟ ಆಡಾಕತ್ತಾನ, ಅವಗ ಯಾರರ ಡಿಗ್ರಿ ಕೊಟ್ಟಾರೇನ?" ಎಂದಳು.

ಹೆಂಗಸಿನ ಮುಖ ಬಂದಿದೆ, ಕೈ ಬಂದಿದೆ. ಕೂದಲು ಬರುತ್ತಿಲ್ಲ. ಕೂದಲನ್ನು ಎಳೆ ಎಳೆಯಾಗಿ ಮಾಡಿದರೆ ಆಟ ನಡೆಯುವುದೇ ಇಲ್ಲ, ತಡವರಿಸುತ್ತದೆ. ಅದಕ್ಕೆ ತೆಳ್ಳಗಿನ ಪಟ್ಟಿಗಳ ಮೇಲೆ ಎಳೆಗಳನ್ನು ಬಿಡಿಸಿ, ಆ ಪಟ್ಟಿಗಳನ್ನು ತಲೆಯ ಮೇಲೆ ಒಂದರ ಮೇಲೊಂದು ಕೂರಿಸಬೇಕು. ಯಾವುದು ಎಲ್ಲಿ, ಯಾವ ಕಡೆ ಬಾಗಬೇಕು ಎಂಬುದು ಗೊತ್ತಿರಬೇಕು. ನನ್ನದನ್ನು ನೋಡಿ ಪ್ರಾಜಕ್ತಾ, "ಹೆಲ್ಮೆಟ್ ಹಾಕ್ಕೊಂಡ ದ್ರಾಕ್ಷಿ ಆರಸಾಕತ್ತಾಳಲ್ಲ ನಿಮ್ಮಾಕಿ" ಎಂದು ನಕ್ಕಳು. ಇದನ್ನು ಕಲಿಸುವ ಈಶ್ವರ ಸರ್, ಅವರೂ ನಮ್ಮ ಕಡೆಯವರೇ, ನಗಲಿಲ್ಲ. "ಮತ್ತ ಮಾಡು" ಎಂದರು.

ನಿನ್ನ ಜಡೆ ಬಿಚ್ಚಿ, ಹಿಂದಿನಿಂದ ಒಂದು ಫೋಟೋ ಯಾರ ಕೈಲಾದರೂ ತೆಗೆಸಿ ಕಳಿಸು. ಮಾಡುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಿನ್ನ ತಲೆಯೇ.

ಸೀಮಾ

---

ಕಾಗವಾಡ
೩೧ ಆಗಸ್ಟ್ ೨೦೧೩

ಸೀಮಾ,

ನಿನ್ನ "ಇಲ್ಲ" ಮುಟ್ಟಿತು. ಗುರುಗಳಿಗೆ ಹಾಗೆಯೇ ತಿಳಿಸಿದ್ದೇನೆ. ನೀನು ಮನಸ್ಸು ಬದಲಿಸಬೇಕೆಂದು ನಾನು ಬರೆಯುವುದಿಲ್ಲ. ಬರೆದರೆ ಅದು ಒಪ್ಪಿಗೆಯಲ್ಲ, ವಸೂಲಿ.

ಫೋಟೋ ಕಳಿಸಲಾರೆ. ಕೂದಲಿನ ಬಗ್ಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ, ಉಪಯೋಗವಾಗುತ್ತದೋ ನೋಡು.

ತಲೆಯ ಎಲ್ಲ ಕೂದಲೂ ನೆತ್ತಿಯ ಹಿಂದಿನ ಸುಳಿಯಿಂದ ಹೊರಡುತ್ತದೆ. ಬಾವಿಯ ನೀರು ಸುತ್ತಿದಂತೆ ಸುತ್ತಿ, ಆಮೇಲೆ ದಾರಿ ಹಿಡಿಯುತ್ತದೆ. ಸುಳಿಯ ಹತ್ತಿರ ಎಳೆಗಳು ಮಲಗುವುದಿಲ್ಲ, ಮೊದಲು ನೆಟ್ಟಗೆ ನಿಂತು ಆಮೇಲೆ ಬೀಳುತ್ತವೆ. ಹಣೆಯ ಅಂಚಿನವು ಮುಂದಕ್ಕೆ ಹುಟ್ಟಿ, ನಾವು ಬಾಚಿದ್ದಕ್ಕೆ ಹಿಂದೆ ಹೋಗುತ್ತವೆ, ಅಷ್ಟೇ. ಅವುಗಳ ಮನಸ್ಸು ಮುಂದಕ್ಕೇ ಇರುತ್ತದೆ. ಕಿವಿಯ ಮೇಲಿನವು ತೀರ ಮೆತ್ತಗೆ, ಓರೆ. ಕತ್ತಿನ ಹಿಂದೆ, ಜಡೆ ಶುರುವಾಗುವ ತಗ್ಗಿನಲ್ಲಿ, ಎಡಬದಿಯವು ಮೇಲಕ್ಕೆ ಬೆಳೆಯುತ್ತವೆ. ಕೆಳಕ್ಕಲ್ಲ. ಇದು ನನಗೆ ಮೊದಲು ಗೊತ್ತಿರಲಿಲ್ಲ.

ಇನ್ನೊಂದು. ಕೂದಲು ಒಂದೊಂದಾಗಿ ಹುಟ್ಟುವುದಿಲ್ಲ. ಒಂದೇ ಗೂಡಿನಿಂದ ಎರಡು, ಕೆಲವು ಕಡೆ ಮೂರು ಎಳೆ ಜೊತೆಯಾಗಿ ಹೊರಬರುತ್ತವೆ. ನಡುನೆತ್ತಿಯಲ್ಲಿ ಹೀಗೆ ಜೊತೆಯಾದವು ಹೆಚ್ಚು, ಅಂಚಿನಲ್ಲಿ ಒಂಟಿ ಎಳೆಗಳು ಹೆಚ್ಚು. ಬೆಳ್ಳಗಾದವು ಉಳಿದವುಗಳಿಗಿಂತ ಬಿರುಸು. ಯಾರ ಜೊತೆಗೂ ಹೊಂದಿಕೊಳ್ಳದೆ ಬೇರೆಯೇ ನಿಂತಿರುತ್ತವೆ. ನಿನ್ನ ಶೆಡ್ಡಿನ ಹೆಂಗಸಿಗೆ ನನ್ನ ವಯಸ್ಸೇ ಆಗಿದ್ದರೆ ನಾಲ್ಕಾರು ಅಂಥವನ್ನೂ ಇಡು.

ಮಳೆ ಚೆನ್ನಾಗಿದೆ. ಬಸದಿಯ ಹಿಂದಿನ ಕಬ್ಬು ಆಳೆತ್ತರ ಬಂದಿದೆ.

ಅವ್ವ

---

ಪುಣೆ
೬ ಅಕ್ಟೋಬರ್ ೨೦೧೩

ಅವ್ವಾ, ಅವ್ವಾ, ಅವ್ವಾ!

ಬಂತು. ಕೂದಲು ಬಂತು! ನಿನ್ನ ಪತ್ರವನ್ನು ಪರದೆಯ ಪಕ್ಕಕ್ಕೆ ಅಂಟಿಸಿಕೊಂಡು ಮೊದಲಿನಿಂದ ಮಾಡಿದೆ. ಸುಳಿಯಿಂದ ಹೊರಟೆ. ನೆತ್ತಿಯಲ್ಲಿ ದಟ್ಟ, ಅಂಚಿನಲ್ಲಿ ಒಂಟಿ ಎಳೆ. ಕತ್ತಿನ ತಗ್ಗಿನಲ್ಲಿ ಎಡಬದಿಯವನ್ನು ಮೇಲಕ್ಕೆ ತಿರುಗಿಸಿದೆ. ಬೆಳಕು ಬಿಟ್ಟು ತಲೆ ತಿರುಗಿಸಿದಾಗ ನನಗೇ ಮೈ ಜುಮ್ಮೆಂದಿತು. ಹೆಂಗಸು ಈಗಷ್ಟೇ ಎಣ್ಣೆ ಹಚ್ಚಿಕೊಂಡು ಎದ್ದು ಬಂದಂತಿದ್ದಳು.

ಈಶ್ವರ ಸರ್ ಬಹಳ ಹೊತ್ತು ನೋಡಿದರು. ಪರದೆಯಲ್ಲಿ ಕತ್ತಿನ ಹತ್ತಿರ ಬಂದು ನಿಲ್ಲಿಸಿದರು. "ಇದನ್ನ ಯಾರ ಹೇಳಿಕೊಟ್ರು ನಿನಗ? ಯಾವ ಪುಸ್ತಕದಾಗೂ ಇಲ್ಲ ಇದು" ಎಂದರು. "ನಮ್ಮ ಅವ್ವ ಸರ್" ಎಂದೆ. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಪ್ರಾಜಕ್ತಾ ಹಿಂದಿನ ಬೆಂಚಿನಿಂದ, "ಆಯೀಲಾ ಬೋಲವಾ! ಅವ್ವಗ ಕರಸ್ರಿ! ಮುಂದಿನ ಸೆಮಿಸ್ಟರಿಗೆ ಅವ್ರನ್ನ ಇಲ್ಲೆ ಲೆಕ್ಚರರ್ ಮಾಡ್ರಿ" ಎಂದು ಕೂಗಿದಳು. ಈ ಸೆಮಿಸ್ಟರಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ನನಗೇ.

ಅವ್ವಾ, ದೀಪಾವಳಿಗೆ ಬರುತ್ತಿದ್ದೇನೆ. ಮಹಾವೀರ ಸ್ವಾಮಿಗೆ ನಿರ್ವಾಣ ಲಾಡು ಅರ್ಪಿಸುವ ದಿನ ಬೆಳಿಗ್ಗೆ ನೇರ ಕಾಗವಾಡಕ್ಕೇ ಬರುತ್ತೇನೆ. ನಿನ್ನ ತಲೆಗೆ ನಾನು ಎಣ್ಣೆ ಹಚ್ಚಿ ಬಾಚುತ್ತೇನೆ. ಬೇಡ ಅನ್ನಬೇಡ. ಬೇರೆ ಮಾತು ಯಾವುದೂ ಬೇಡ ಆ ದಿನ. ಎಣ್ಣೆ ಅಷ್ಟೇ.

ನಿನ್ನ
ಸೀಮಾ

---

ಅಥಣಿ
೭ ನವೆಂಬರ್ ೨೦೧೩

ಅವ್ವಾ,

ನಾನು ಬಸದಿಯಿಂದ ಓಡಿಹೋದೆನೆಂದು ನಿನಗೆ ಅಲ್ಲಿ ಎಲ್ಲರ ಮುಂದೆ ಅವಮಾನವಾಗಿರಬೇಕು. ಆಗಲಿ.

ನೀನು ಲಾಡು ಅರ್ಪಿಸಿ ಬಾಗಿದೆ. ಸೆರಗು ಜಾರಿತು. ಅಲ್ಲಿ ಏನೂ ಇರಲಿಲ್ಲ. ಗದ್ದೆ ಕೊಯ್ದ ಮೇಲಿನ ಕೂಳೆಯಂಥ ಗಿಡ್ಡ ಕೂದಲು, ನಡುನಡುವೆ ಬೆಳ್ಳಗೆ. ಪಕ್ಕದಲ್ಲಿ ನಿಂತ ಹೆಂಗಸು ಹೆಮ್ಮೆಯಿಂದ ನನಗೆ ಹೇಳಿದಳು: "ದೀಕ್ಷಾದ ಮೊದಲ ಅಭ್ಯಾಸ ಮಾಡ್ಯಾರವ್ವಾ ನಿಮ್ಮ ತಾಯಿ. ತಾವ ಕೈಲೆ ಕಿತಗೊಂಡ್ರು. ಬೂದಿ ಹಚ್ಚಿ, ಒಂದೊಂದ ಹಿಡಿ. ಹಾ ಅಂತ ಒಂದ ಶಬ್ದ ಇಲ್ಲ." ಯಾವಾಗ ಎಂದು ಕೇಳಿದೆ. ಆಗಸ್ಟಿನಲ್ಲಿ ಎಂದಳು.

ನನ್ನ ಪತ್ರ ಬಂದ ಮೇಲೆ. ನೀನು ಉತ್ತರ ಬರೆಯುವ ಮೊದಲು.

ಎಡಬದಿಯವು ಮೇಲಕ್ಕೆ ಬೆಳೆಯುತ್ತವೆ ಎಂದು ನಿನಗೆ ಹೇಗೆ ತಿಳಿಯಿತೆಂದು ನಾನು ಒಮ್ಮೆಯಾದರೂ ಯೋಚಿಸಲಿಲ್ಲ. ಕೆಳಕ್ಕೆ ಎಳೆದರೆ ನೋವು ಹೆಚ್ಚಾಗಿರಬೇಕು, ಅದಕ್ಕೆ ತಿಳಿಯಿತು. ಒಂದೇ ಗೂಡಿನಿಂದ ಎರಡು, ಮೂರು ಎಂದು ಹೇಗೆ ತಿಳಿಯಿತು? ಬೆರಳಿನಲ್ಲಿ ಹಿಡಿದು ನೋಡಿರಬೇಕು. ಅವ್ವಾ, ನಾನು ಅದಕ್ಕೆ ಅಂಕ ತೆಗೆದುಕೊಂಡೆ. ಚಪ್ಪಾಳೆ ತಟ್ಟಿಸಿಕೊಂಡೆ.

ನೀನು ಹೇಳಬಹುದಿತ್ತು. ಎಣ್ಣೆಯ ಡಬ್ಬಿ ಹಿಡಿದುಕೊಂಡು ಬಂದಿದ್ದೆನಲ್ಲ, ಅದಕ್ಕಿಂತ ಮೊದಲು ಹೇಳಬಹುದಿತ್ತು.

ಮನೆಗೆ ಬಂದು ಆಯಿಯ ಮುಂದೆ ಕೂಗಾಡಿದೆ. ಅವಳು ಅಡಕೆ ಕತ್ತರಿಸುತ್ತ ಕೂತಿದ್ದಳು. ನಾನು ಕೂಗಿ ಮುಗಿಸಿದ ಮೇಲೆ ಕೇಳಿದಳು: "ನಿನ್ನ ಪುಣೆಕ ಕಳಸಾಕ ಯಾರ ಹೂಂ ಅಂದ್ರ?"

"ಅವ್ವ."

"ನಾ ಏನಂದಿದ್ನಿ?"

"ಬ್ಯಾಡ ಅಂದಿದ್ದಿ."

"ನಿಮ್ಮ ಕಾಕಾ?"

"ಬ್ಯಾಡ ಅಂದಿದ್ದ."

"ಇಡೀ ಮನಿ ಬ್ಯಾಡ ಅಂತಿತ್ತ ಬೇ. ಹೆಣ್ಣ ಹುಡುಗಿ, ತಂದಿ ಇಲ್ಲದಾಕಿ, ಆಟದ ಬೊಂಬಿ ಮಾಡೂದ ಕಲ್ಯಾಕ ಹೊಂಟಾಳ ಅಂತ ಊರ ನಗತಿತ್ತು. ಆಕಿ ಒಬ್ಬಾಕಿ ಹೂಂ ಅಂದ್ಲು. ಈಗ ಆಕಿಗೆ ಯಾರ ಹೂಂ ಅನಬೇಕು?"

ನಾನು ಎದ್ದು ಹೋದೆ. ಆದರೆ ಆ ಮಾತು ನನ್ನ ಹಿಂದೆಯೇ ಬಂತು, ಮತ್ತು ಬರುತ್ತ ಬರುತ್ತ ಬೇರೆಯಾಯಿತು. ನೀನು ನನ್ನನ್ನು ಕಳಿಸಿದ್ದು ನಾನು ಹೋಗಲೆಂದೋ, ನಿನಗೆ ಹೋಗಲು ದಾರಿ ಆಗಲೆಂದೋ? ಇದಕ್ಕೆ ಉತ್ತರ ಬರೆ. ಪದ್ಯದಂತೆ ಬರೆಯಬೇಡ. ನೇರ ಬರೆ.

ಸೀಮಾ

---

ಕಾಗವಾಡ
೨ ಡಿಸೆಂಬರ್ ೨೦೧೩

ಸೀಮಾ,

ನೇರ ಬರೆಯುತ್ತೇನೆ.

ನಿನ್ನನ್ನು ಕಳಿಸಿದ್ದು ನೀನು ಹೋಗಲೆಂದು. ಹತ್ತನೆಯ ತರಗತಿಯ ನೋಟುಬುಕ್ಕಿನ ಹಿಂದೆಲ್ಲ ನೀನು ಮುಖಗಳನ್ನೇ ಬಿಡಿಸುತ್ತಿದ್ದೆ. ಅಪ್ಪ ತೀರಿದ ವರ್ಷ ಬಿಡಿಸುವುದನ್ನು ನಿಲ್ಲಿಸಿದೆ. ಕಾಲೇಜಿನ ಆ ಜಾಹೀರಾತು ತೋರಿಸುವಾಗ ಬಹಳ ದಿನದ ಮೇಲೆ ನಿನ್ನ ಕಣ್ಣಿನಲ್ಲಿ ಹುರುಪು ಕಂಡೆ. ಹೂಂ ಎಂದೆ.

ಆದರೆ ನಿನ್ನನ್ನು ಹಾಸ್ಟೆಲಿಗೆ ಬಿಟ್ಟು ಬರುವಾಗ, ಬಸ್ಸು ಚಿಕ್ಕೋಡಿ ದಾಟಿದ ಮೇಲೆ, ನನಗೆ ಹಗುರವಾಯಿತು. ಇದೂ ನಿಜ. ಮುಚ್ಚಿಡಲಾರೆ. ಅಪ್ಪ ಹೋದಾಗ ಎಲ್ಲರೂ ನನಗೆ, "ಮಗಳಿಗೋಸ್ಕರ ಬದುಕು" ಎಂದರು. ಬದುಕಿದೆ. ನೀನು ಉಂಡರೆ ನಾನು ಉಂಡೆ, ನೀನು ಕೆಮ್ಮಿದರೆ ನಾನು ಎದ್ದೆ. ಒಬ್ಬರಿಗೋಸ್ಕರ ಇನ್ನೊಬ್ಬರು ಹಾಗೆ ಬದುಕುವುದನ್ನು ಪ್ರೀತಿ ಎನ್ನುತ್ತಾರೆ. ಅದರೊಳಗೆ ಎಷ್ಟು ಹೆದರಿಕೆ ಇತ್ತು ಎಂಬುದು ಆ ಬಸ್ಸಿನಲ್ಲಿ ನನಗೆ ಗೊತ್ತಾಯಿತು. ನಾನು ದುಃಖದಿಂದ ಓಡಿಬಂದಿದ್ದೇನೆ ಎಂದು ತಿಳಿಯಬೇಡ. ಇಲ್ಲಿಗೆ ಬಂದ ಮೇಲೆ ಒಂದು ಬೆಳಿಗ್ಗೆ, ಅಂಗಳದ ಇರುವೆಗಳನ್ನು ಪಿಂಛಿಯಿಂದ ಮೆಲ್ಲಗೆ ಸರಿಸುತ್ತಿದ್ದ ಒಬ್ಬ ಮಾತಾಜಿಯನ್ನು ನೋಡುತ್ತ ನಿಂತಿದ್ದೆ. ಯಾವುದಕ್ಕೂ ಹೆದರದೆ ಒಂದು ಇಡೀ ಬೆಳಗು ಕಳೆದಿದ್ದೇನೆ ಎಂದು ಆಮೇಲೆ ಹೊಳೆಯಿತು. ನನಗೆ ಬೇಕಾಗಿರುವುದು ಅಷ್ಟೇ.

ಕೂದಲಿನ ವಿಷಯ ಹೇಳಲಿಲ್ಲ, ಹೌದು. ನೀನು ಕೇಳಿದ್ದಕ್ಕೆ ಉತ್ತರ ನನ್ನ ಬೆರಳ ತುದಿಯಲ್ಲಿತ್ತು. ಹೇಗೆ ತಿಳಿಯಿತೆಂದು ಹೇಳಿದ್ದರೆ ನೀನು ಅದನ್ನು ಬಳಸುತ್ತಿರಲಿಲ್ಲ. ನಿನಗೆ ನಾನು ಕಲಿಸಬಹುದಾದ ಕಡೆಯ ಪಾಠ ಹಾಳಾಗುವುದು ಬೇಡವಾಗಿತ್ತು. ಚಪ್ಪಾಳೆ ತಟ್ಟಿದರೆಂದು ಓದಿ ಬಹಳ ಸುಖವಾಯಿತು. ಸುಖಪಡಬಾರದಿತ್ತು, ಆದರೂ ಪಟ್ಟೆ.

ಒಂದು ಮಾತು. ನೀನು ಒಪ್ಪಿಗೆ ಕೊಡದಿದ್ದರೆ ನಾನು ಮನೆಗೆ ಬರುತ್ತೇನೆ. ಸಿಟ್ಟಿನಿಂದ ಅಲ್ಲ, ಮುಖ ಸಣ್ಣ ಮಾಡಿಕೊಂಡೂ ಅಲ್ಲ. ಅಥಣಿಯಲ್ಲಿ ಬಾಗಿಲು ತೆಗೆದಿಟ್ಟಿರುತ್ತೇನೆ. ಕೂದಲು ಬೆಳೆಯುತ್ತದೆ, ನೀನು ಎಣ್ಣೆ ಹಚ್ಚಬಹುದು. ಇದನ್ನು ನಂಬು. ನಂಬಿ ಆಮೇಲೆ ತೀರ್ಮಾನಿಸು.

ಅವ್ವ

---

ಪುಣೆ
೧೯ ಜನವರಿ ೨೦೧೪

ಅವ್ವಾ,

ಇಷ್ಟು ದಿನ ಬರೆಯಲಿಲ್ಲ. ನೀನು ಮನೆಗೆ ಬರುತ್ತೇನೆ ಎಂದದ್ದನ್ನು ಓದಿ ಮೊದಲು ಕುಣಿದೆ. "ಒಪ್ಪಿಗೆ ಇಲ್ಲ" ಎಂದು ಇನ್ನೊಮ್ಮೆ ಬರೆದರೆ ಸಾಕಿತ್ತು. ಲಕೋಟೆ ಕೂಡ ತಂದಿಟ್ಟಿದ್ದೆ.

ಈ ಸೆಮಿಸ್ಟರಿನಲ್ಲಿ ನಡಿಗೆ ಮಾಡುತ್ತಿದ್ದೇವೆ. ನಿನಗೆ ಹೇಗೆ ಹೇಳಲಿ, ಗೇಮಿನಲ್ಲಿ ಮನುಷ್ಯ ನಡೆಯುವುದನ್ನು ನಾವು ನಿಂತಲ್ಲೇ ಮಾಡುತ್ತೇವೆ. ಎಡಗಾಲು, ಬಲಗಾಲು, ತೋಳು ಬೀಸುವುದು, ಸೊಂಟ ತಿರುಗುವುದು. ಒಂದು ಸುತ್ತು ಮುಗಿದ ಮೇಲೆ ಅದೇ ಮತ್ತೆ ಮತ್ತೆ. ನನ್ನ ಶೆಡ್ಡಿನ ಹೆಂಗಸಿಗೆ ನಿನ್ನ ನಡಿಗೆಯನ್ನೇ ಕೊಟ್ಟೆ. ಎಡ ಹೆಜ್ಜೆ ಇಡುವಾಗ ನೀನು ಸ್ವಲ್ಪ ನಿಧಾನಿಸುತ್ತೀಯಲ್ಲ, ಅದು ಕೂಡ. ಮಾಡಿಟ್ಟು ಊಟಕ್ಕೆ ಹೋಗಿ ಬಂದೆ. ಪರದೆಯ ಮೇಲೆ ಅವಳು ಇನ್ನೂ ನಡೆಯುತ್ತಲೇ ಇದ್ದಳು. ಎಲ್ಲೂ ಹೋಗಿರಲಿಲ್ಲ.

ಪ್ರಾಜಕ್ತಾ ಹಿಂದೆ ಬಂದು ನಿಂತವಳು, "ಪಾಪ, ಆಕಿಗೊಂದ ರಸ್ತಾ ಮಾಡಿ ಕೊಡ ಗ. ಕಾಲ ನೋಯಿಸಿಕೊಂಡಾಳು" ಎಂದಳು. ತಮಾಷೆಗೇ ಅಂದಳು. ನಾನು ಅತ್ತದ್ದನ್ನು ನೋಡಿ ಹೆದರಿ ಚಹಾ ತರಲು ಓಡಿದಳು.

ನೀನು ಮನೆಗೆ ಬರುತ್ತೀಯ, ಗೊತ್ತು. ಬಾಗಿಲು ತೆಗೆಯುತ್ತೀಯ, ಬಡಿಸುತ್ತೀಯ, ನಗುತ್ತೀಯ. ಎಲ್ಲ ಮಾಡುತ್ತೀಯ. ಎಲ್ಲೂ ಹೋಗದೆ.

ಗುರುಗಳಿಗೆ ಹೇಳು. ನನ್ನ ಒಪ್ಪಿಗೆ ಇದೆ.

ಸೀಮಾ ರಾವಸಾಹೇಬ ಮಗದುಮ್ಮ

(ಪೂರ್ತಿ ಹೆಸರು ಬರೆದಿದ್ದೇನೆ, ಗುರುಗಳಿಗೆ ತೋರಿಸಬೇಕಾದೀತು ಎಂದು.)

---

ಕಾಗವಾಡ
೮ ಫೆಬ್ರುವರಿ ೨೦೧೪

ನನ್ನ ಸೀಮಾ,

ನಾಡಿದ್ದು ದೀಕ್ಷೆ. ಇದು ನಾನು ಬರೆಯುವ ಕಡೆಯ ಪತ್ರ. ಇದನ್ನು ನೀನು ಇಲ್ಲಿಗೆ ಬಂದ ಮೇಲೆ ಕಮಲಾಬಾಯಿ ಚಿಗವ್ವ ನಿನ್ನ ಕೈಗೆ ಕೊಡುತ್ತಾಳೆ. ಆಮೇಲೆ ನೀನು ಬರೆಯಬಹುದು. ಸಂಘದಲ್ಲಿ ಯಾರಾದರೂ ಓದಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ಉತ್ತರ ಇರುವುದಿಲ್ಲ.

ಈ ವಾರವಿಡೀ ಊರೂರಿಂದ ಹೆಂಗಸರು ಬಂದು ನನಗೆ ಉಡಿ ತುಂಬುತ್ತಿದ್ದಾರೆ. ಕೈಗೆ ಮದರಂಗಿ, ಹಸಿರು ಬಳೆ, ಜರಿ ಸೀರೆ. ಅಪ್ಪ ಹೋದ ಮೇಲೆ ಯಾವ ಶುಭಕಾರ್ಯದಲ್ಲೂ ನನ್ನನ್ನು ಮುಂದೆ ಕರೆಯದಿದ್ದವರೇ ಈಗ ಎಳೆದೆಳೆದು ನಡುವೆ ಕೂರಿಸುತ್ತಾರೆ. ನಿಮ್ಮ ಆಯಿ ತನ್ನ ಕೈಯಿಂದಲೇ ಬಳೆ ಇಟ್ಟು, "ಬಿಡೂದೈತಿ ಅಂದಮ್ಯಾಲ ಎಲ್ಲಾ ಉಟ್ಟ ಬಿಡಬೇಕು" ಎಂದು ನಕ್ಕಳು. ಕನ್ನಡಿಯಲ್ಲಿ ನೋಡಿಕೊಂಡೆ. ನಿನ್ನ ಅಪ್ಪ ನೋಡಿದ್ದರೆ ಬಹಳ ನಗುತ್ತಿದ್ದ.

ನಾಡಿದ್ದಿನಿಂದ ನಾನು ನಿನ್ನ ಅವ್ವನಲ್ಲ ಎಂದು ಹೇಳುತ್ತಾರೆ. ನೀನು ನನ್ನನ್ನು ಮಾತಾಜಿ ಎನ್ನಬೇಕು, ನಾನು ಎಲ್ಲರಿಗೂ ಹೇಳುವಷ್ಟೇ ಆಶೀರ್ವಾದವನ್ನು ನಿನಗೂ ಹೇಳಬೇಕು. ಆ ನಿಯಮವನ್ನು ನಾನಾಗಿ ಬೇಡಿದ್ದೇನೆ. ಪಾಲಿಸುತ್ತೇನೆ. ಕಷ್ಟವಾಗುವುದಿಲ್ಲ ಎಂದು ಹೇಳಲಾರೆ.

ಗೊತ್ತಿದ್ದೂ ಗೊತ್ತಿಲ್ಲದೆಯೂ ನಿನಗೆ ಮಾಡಿದ ನೋವಿಗೆ ಕ್ಷಮೆ ಕೇಳುತ್ತೇನೆ. ಸರಿಯಾದ ಹೊತ್ತಿಗೆ ಊಟ ಮಾಡು. ಪರದೆಯ ಮುಂದೆ ಬಾಗಿ ಕೂರಬೇಡ.

ಈ ಒಂದು ಸಲ ಇನ್ನೂ ಬರೆಯಬಹುದು:

ನಿನ್ನ ಅವ್ವ

---

ಪುಣೆ
೨೩ ಫೆಬ್ರುವರಿ ೨೦೧೪

ಪೂಜ್ಯ ಮಾತಾಜಿಯವರಿಗೆ ವಂದಾಮಿ.

ಇದನ್ನು ಯಾರು ಓದಿ ಹೇಳುತ್ತಾರೋ ಗೊತ್ತಿಲ್ಲ. ಅವರಿಗೆ ಒಂದು ವಿನಂತಿ, ದಯವಿಟ್ಟು ಮಾತಾಜಿಯವರೊಬ್ಬರೇ ಇದ್ದಾಗ ಓದಿ.

ದೀಕ್ಷೆಯ ದಿನದ ಬಗ್ಗೆ ಬರೆಯುವುದಿಲ್ಲ. ನಾನು ಗಟ್ಟಿಯಾಗಿದ್ದೆ. ಮೈಕಿನಲ್ಲಿ ಕೇಳಿದಾಗ, "ನನ್ನ ಒಪ್ಪಿಗೆ ಐತಿ" ಎಂದೆ, ಪೆಂಡಾಲಿನ ಕಡೆಯವರೆಗೂ ಕೇಳುವಂತೆ. ನಾನು ಬರೆಯಬೇಕಾಗಿರುವುದು ಮರುದಿನದ ಬಗ್ಗೆ.

ದೀಕ್ಷೆಯ ದಿನ ನೀವು ಉಪವಾಸವಿದ್ದಿರಿ. ಮರುದಿನ ಬೆಳಿಗ್ಗೆ ನಿಮ್ಮ ಮೊದಲ ಆಹಾರ. ಕಾಕಾ ಬಸದಿಯ ಬೀದಿಯಲ್ಲೇ ಒಂದು ಮನೆ ಹಿಡಿದು, ಮಡಿಯಲ್ಲಿ ಅಡಿಗೆಯ ಚೌಕ ಹಚ್ಚಿದ್ದ. ಕಮಲಾಬಾಯಿ ಚಿಗವ್ವ ನನಗೆ ಪಾಠ ಹೇಳಿದಂತೆ ಹೇಳುತ್ತಿದ್ದಳು: "ತಲಿ ಮ್ಯಾಲಿನ ಸೆರಗ ಬಿಗಿ ಕಟ್ಟು. ಅನ್ನದಾಗ ಒಂದ ಕೂದಲ ಕಂಡ್ರ ಅಂತರಾಯ. ಅಲ್ಲಿಗೆ ಊಟ ನಿಂತ್ತು, ನಾಳೆತನಕ ನೀರೂ ಇಲ್ಲ. ಮತ್ತ ಅಳಬ್ಯಾಡ. ಕಣ್ಣೀರ ಬಿದ್ರೂ ಅಂತರಾಯನ."

"ಯಾರ ಕಣ್ಣೀರ ಚಿಗವ್ವಾ?"

"ಯಾರದರ ಇರವಲ್ದ್ಯಾಕ! ನೀ ಅಳಬ್ಯಾಡ, ಅಷ್ಟ."

ಬಾಗಿಲಲ್ಲಿ ಕಳಶ ಹಿಡಿದು ನಿಂತೆ. ಆ ಬೀದಿಯ ಪ್ರತಿ ಬಾಗಿಲಲ್ಲೂ ಜನ ನಿಂತು ಕರೆಯುತ್ತಿದ್ದರು. ನೀವು ಬಿಳಿ ಸೀರೆಯಲ್ಲಿ, ನೆಲ ನೋಡುತ್ತ ಬಂದಿರಿ. ಎಡ ಹೆಜ್ಜೆಯಲ್ಲಿ ಸ್ವಲ್ಪ ನಿಧಾನ. ನಾನೂ ಕರೆದೆ: ವಂದಾಮಿ ಮಾತಾಜಿ, ನಿಲ್ಲಿ, ನಿಲ್ಲಿ, ಮನಸ್ಸು ಶುದ್ಧ, ಮಾತು ಶುದ್ಧ, ಮೈ ಶುದ್ಧ, ಅನ್ನ ನೀರು ಶುದ್ಧ. ಇಂಥದ್ದು ಕಂಡ ಬಾಗಿಲಿಗೇ ನಿಲ್ಲುವೆನೆಂದು ನೀವು ಮನಸ್ಸಿನಲ್ಲಿ ಯಾವ ಗುರುತು ಹಿಡಿದು ಹೊರಟಿದ್ದಿರೋ ನನಗೆ ಗೊತ್ತಿಲ್ಲ. ನನ್ನ ಮುಂದೆ ನಿಂತಿರಿ.

ನೀವು ಕೂತಿರಿ. ಎರಡೂ ಕೈ ಜೋಡಿಸಿ ಬೊಗಸೆ ಮಾಡಿದಿರಿ. ಹಿಂದಿನ ವಾರದ ಮದರಂಗಿ ಇನ್ನೂ ಹೋಗಿರಲಿಲ್ಲ. ಚಿಗವ್ವ ಮೊದಲು ನೀರು ಹಾಕಿದಳು. ಆಮೇಲೆ ನಾನು ಹಾಲನ್ನ ಕಲಸಿ ಸಣ್ಣ ತುತ್ತು ಇಟ್ಟೆ. ನೀವು ಅದನ್ನು ನೋಡಿದಿರಿ, ತಿಂದಿರಿ. ಇನ್ನೊಂದು ಇಟ್ಟೆ. ನಾನು ಅಳುತ್ತಿರಲಿಲ್ಲ. ಅಳದೆ ಇರುವುದೊಂದೇ ನನ್ನ ಕೆಲಸವಾಗಿತ್ತು, ಅದನ್ನು ಚೆನ್ನಾಗಿ ಮಾಡುತ್ತಿದ್ದೆ. ಮೂರನೆಯ ತುತ್ತು ಇಡುವಾಗ ನಿಮ್ಮ ಕೈಗೆ ನನ್ನ ಬೆರಳು ತಾಗಿತು.

ನಮ್ಮ ಕಾಲೇಜಿನಲ್ಲಿ ದುಃಖದ ಮುಖ ಮಾಡಲು ಕಲಿಸುತ್ತಾರೆ. ಹುಬ್ಬಿನ ಒಳತುದಿ ಮೇಲಕ್ಕೆ, ಬಾಯಿಯ ಕೊನೆ ಕೆಳಕ್ಕೆ, ಗದ್ದದಲ್ಲಿ ಸುಕ್ಕು. ನಿಮ್ಮ ಮುಖದಲ್ಲಿ ಇದು ಯಾವುದೂ ಆಗಲಿಲ್ಲ. ಏನೂ ಕದಲಲಿಲ್ಲ. ಒಂದು ಹನಿ ಮಾತ್ರ, ಎಲ್ಲಿಂದ ಬಂತೆಂದು ತಿಳಿಯದ ಹಾಗೆ, ಬೊಗಸೆಯ ಅನ್ನದ ಮೇಲೆ ಬಿತ್ತು.

ನೀವು ಕೈ ಬಿಟ್ಟಿರಿ. ಅನ್ನ ಕೆಳಗಿನ ತಾಟಿಗೆ ಬಿತ್ತು. "ಅಂತರಾಯ, ಅಂತರಾಯ" ಎಂದು ಎಲ್ಲರೂ ಗದ್ದಲ ಮಾಡಿದರು. ಆಯಿ ಗೋಡೆಗೆ ಒರಗಿ ಕೂತುಬಿಟ್ಟಳು. ಚಿಗವ್ವ ತಾಟಿನ ಅನ್ನವನ್ನು ಬೆರಳಿನಿಂದ ಕೆದರಿ ಕೆದರಿ ಕೂದಲು ಹುಡುಕಿದಳು. ಕಾಕಾ, "ಎರಡ ದಿನದ ಉಪಾಸ ಆತಲ್ಲೋ, ಇಂಥಾ ಬಿಸಲಾಗ" ಎಂದು ತಲೆ ಹಿಡಿದುಕೊಂಡ. ಚಿಗವ್ವ ನನ್ನ ಮೇಲೆ ಹರಿಹಾಯ್ದಳು: "ಹೇಳಿದ್ನಿಲ್ಲೋ ನಿನಗ, ಸೆರಗ ಬಿಗಿ ಕಟ್ಟ ಅಂತ! ಪುಣೇದಾಗ ಇದ್ದ ಇದ್ದ ತಲಿ ಹರಿಬಿಟ್ಟಕೊಂಡ ತಿರಗೂದ ಕಲ್ತಿ."

"ನಂದ ಕೂದಲ ಇರಬೇಕ ಚಿಗವ್ವಾ. ತಪ್ಪಾತು" ಎಂದೆ.

ನೀವು ಆಗ ತಲೆ ಎತ್ತಿ ನನ್ನನ್ನು ನೋಡಿದಿರಿ. ಏನಾದರೂ ಹೇಳುತ್ತೀರಿ ಎಂದುಕೊಂಡೆ. ಕೈ ತೊಳೆದು, ಪಿಂಛಿ ಎತ್ತಿಕೊಂಡು, ಎಲ್ಲರಿಗೂ ಹೇಳುವ ಆಶೀರ್ವಾದವನ್ನು ಹೇಳಿ ನಡೆದಿರಿ.

ಇದನ್ನು ಓದಿ ಹೇಳುವವರ ಹೊರತು ನಡೆದದ್ದನ್ನು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಗುರುಗಳ ಮುಂದೆ ನೀವು ಹೇಳಿರುತ್ತೀರಿ, ಅದಕ್ಕೆ ಏನು ಪ್ರಾಯಶ್ಚಿತ್ತ ಕೊಟ್ಟರೋ ತಿಳಿಯದು. ಆ ಹನಿ ನನಗಾಗಿ ಎಂದು ಹಿಗ್ಗುವಷ್ಟು ಸಣ್ಣವಳು ನಾನು. ಮೂರು ದಿನ ಹಿಗ್ಗಿದೆ. ನಾಲ್ಕನೆಯ ದಿನ, ನೀವು ಹಸಿದು ನಡೆದು ಹೋದದ್ದು ಕಣ್ಣಿಗೆ ಕಟ್ಟಿತು.

ಜನವರಿಯಲ್ಲಿ ನಾನು ಕಾಗದದಲ್ಲಿ ಕೊಟ್ಟದ್ದು, ಮಾಘದಲ್ಲಿ ಮೈಕಿನಲ್ಲಿ ಕೊಟ್ಟದ್ದು ಒಪ್ಪಿಗೆಯಲ್ಲ ಎಂದು ಈಗ ಅರ್ಥವಾಗಿದೆ. ಆಮೇಲೂ ನಾನು ಬಾಗಿಲಲ್ಲಿ ಕಳಶ ಹಿಡಿದು, ನನ್ನ ಮುಂದೆಯೇ ನಿಲ್ಲಲಿ ಎಂದು ಕರೆದೆನಲ್ಲ. ಮುಂದಿನ ವಾರ ಸಂಘ ರಾಯಬಾಗಕ್ಕೆ ಬರುತ್ತದೆ, ರಜೆ ಹಾಕಿ ಬಾ, ಈ ಸಲ ಸರಿಯಾಗಿ ಮಾಡೋಣ ಎಂದು ಕಾಕಾ ಫೋನು ಮಾಡಿದ್ದ. ಪರೀಕ್ಷೆ ಇದೆ ಎಂದೆ. ಪರೀಕ್ಷೆ ಏನೂ ಇಲ್ಲ. ನೀವು ಆಹಾರಕ್ಕೆ ಹೊರಡುವ ಬೀದಿಯಲ್ಲಿ ನಾನು ಇನ್ನು ನಿಲ್ಲುವುದಿಲ್ಲ, ಮಾತಾಜಿ. ಊರು ಯಾವುದೇ ಇರಲಿ.

ನಿನ್ನೆ ಕಾಕಾ ಮತ್ತೆ ಫೋನು ಮಾಡಿದ. ದಾರಿಯ ಹಳ್ಳಿಯೊಂದರಲ್ಲಿ ನಿಮ್ಮ ಆಹಾರ ಯಾವ ಅಡ್ಡಿಯೂ ಇಲ್ಲದೆ ಆಯಿತಂತೆ. ಆ ಮನೆಯ ಮಗಳು ಬಡಿಸಿದಳಂತೆ, ನೀವು ಹೊಟ್ಟೆ ತುಂಬ ಉಂಡಿರಂತೆ.

ಉಣ್ಣಿ.

ಸೀಮಾ